ಇಡುಗಂಟು ಒಡೆಯದೆ ಉಳಿಸಿದವರು

(ಬಾಗಲಕೋಟೆಯ ನವನಗರದಲ್ಲಿ ಮುಳುಗಡೆ ಕುಟುಂಬಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಇವತ್ತು ನಾನು ಮಾತಾಡಬೇಕಾದದ್ದು ದುಡ್ಡಿನ ಬಗ್ಗೆ. ದುಡಿದು ಗಳಿಸಿದ ದುಡ್ಡಲ್ಲ, ಹೊಲ ಹೋದದ್ದಕ್ಕೆ ಬಂದ ದುಡ್ಡು. ಇಲ್ಲಿ ಕೂತ ಬಹಳ ಮಂದಿಯ ಮನೆಗೆ ಅದು ಒಂದು ಸಲ ಬಂದು ಹೋಗಿದೆ. ಇನ್ನು ಕೆಲವರ ಮನೆಗೆ ಮುಂದೆ ಬರಲಿದೆ. ಆಲಮಟ್ಟಿಯಲ್ಲಿ ಈಗ ನೀರು 519.60 ಮೀಟರಿಗೆ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಬಹುದು ಎಂದು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ದರವನ್ನೂ ತೀರ್ಮಾನಿಸಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ.

ದೊಡ್ಡ ಮೊತ್ತ. ಅದಕ್ಕೇ ನನಗೆ ಭಯ.

ಹಿಂದಿನ ಪರಿಹಾರ ಎಲ್ಲಿಗೆ ಹೋಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಾಲ ತೀರಿತು. ಮಗಳ ಮದುವೆ ಆಯಿತು. ಹೊಸ ಜಾಗದಲ್ಲಿ ಪಾಯ ಹಾಕಿ, ಗೋಡೆ ಎದ್ದು, ಸ್ಲ್ಯಾಬ್ ಹಾಕುವ ಹೊತ್ತಿಗೆ ಕೈ ಬರಿದಾಯಿತು. ಇದನ್ನು ಕೆಲವರು ದುಂದು ಅನ್ನುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಮದುವೆ, ಮನೆ, ಸಾಲ ಇವೆಲ್ಲ ದುಂದು ಅಲ್ಲ. ತೊಂದರೆ ಬೇರೆ ಕಡೆ ಇದೆ. ಕಾನೂನು ನೋಡುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಇದ್ದವರನ್ನು ಮಾತ್ರ. ಅವರ ಕೈಗೆ ಚೆಕ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಆದರೆ ಹೊಲ ಒಬ್ಬರದಾಗಿತ್ತಾ? ಅಜ್ಜನಿಂದ ಬಂದದ್ದು, ಮೊಮ್ಮಕ್ಕಳಿಗೆ ಹೋಗಬೇಕಾದದ್ದು. ಇನ್ನೂ ಹುಟ್ಟದ ಆ ಮೊಮ್ಮಕ್ಕಳ ಪಾಲೂ ಆ ಚೆಕ್ಕಿನಲ್ಲಿ ಇರುತ್ತದೆ. ಅದನ್ನು ಬೇರೆ ತೆಗೆದಿಡುವ ದಾರಿಯನ್ನು ನಮಗೆ ಯಾರೂ ತೋರಿಸಲಿಲ್ಲ.

ಆ ದಾರಿ ಹುಡುಕಿದ ಒಂದು ಸಮುದಾಯದ ಕಥೆ ಹೇಳುತ್ತೇನೆ. ಅವರು ನ್ಯೂಜಿಲೆಂಡಿನ ಮೂಲನಿವಾಸಿಗಳು, ಮಾವೊರಿ ಜನ. ಮಾವೊರಿಗಳಲ್ಲಿ ಹಲವು ಬುಡಕಟ್ಟುಗಳಿವೆ. ದಕ್ಷಿಣ ದ್ವೀಪದ ಬಹುಭಾಗ ಒಂದೇ ಬುಡಕಟ್ಟಿನದು, ಅವರ ಹೆಸರು ಙಾಯ್ ತಾಹು.

1840ರಲ್ಲಿ ಮಾವೊರಿ ಮುಖಂಡರಿಗೂ ಬ್ರಿಟಿಷ್ ರಾಣಿಯ ಸರ್ಕಾರಕ್ಕೂ ವೈತಾಂಗಿ ಎಂಬಲ್ಲಿ ಒಪ್ಪಂದ ಆಯಿತು. ನಿಮ್ಮ ನೆಲ ನಿಮ್ಮದೇ, ಕೊಡುವುದಾದರೆ ನಮಗೆ ಮಾತ್ರ ಮಾರಿ ಅನ್ನುವುದು ಅದರ ಒಂದು ಭಾಗ. ಆಮೇಲೆ 1844ರಿಂದ 1864ರ ಒಳಗೆ, ಇಪ್ಪತ್ತು ವರ್ಷದಲ್ಲಿ, ಸರ್ಕಾರ ಹತ್ತು ಖರೀದಿ ಮಾಡಿತು. ಹೋದ ನೆಲ 3 ಕೋಟಿ 45 ಲಕ್ಷ ಎಕರೆ. ಕೊಟ್ಟ ಹಣ 14,750 ಪೌಂಡ್ ಚಿಲ್ಲರೆ. ಅದರಲ್ಲಿ ದೊಡ್ಡ ಖರೀದಿ 1848ರದು, ಬರೀ 2,000 ಪೌಂಡಿಗೆ. ನಿಮಗೆ ಬೇಕಾದಷ್ಟು ಜಮೀನು ಮೀಸಲು ಇಡುತ್ತೇವೆ, ಮೀನು ಹಿಡಿಯುವ ಜಾಗ ಬಿಡುತ್ತೇವೆ, ಶಾಲೆ ಕಟ್ಟುತ್ತೇವೆ, ಆಸ್ಪತ್ರೆ ಕಟ್ಟುತ್ತೇವೆ ಎಂದು ಮಾತು ಕೊಟ್ಟಿದ್ದರು. ಜನರ ಕೈಗೆ ಸಿಕ್ಕಿದ್ದು ಚೂರುಪಾರು ಜಮೀನು.

ಇಲ್ಲಿ ಯಾರೋ ನಗುತ್ತಿದ್ದಾರೆ. ನನಗೆ ಅರ್ಥ ಆಗುತ್ತದೆ. ಪುನರ್ವಸತಿ ಕೇಂದ್ರದಲ್ಲಿ ಶಾಲೆ, ಆಸ್ಪತ್ರೆ, ಸ್ಮಶಾನಕ್ಕಾಗಿ ಅರ್ಜಿ ಹಿಡಿದು ತಿರುಗಿದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1849ರಲ್ಲಿ ಅವರ ಮುಖಂಡ ಮತಿಯಾಹ ತಿರಮೋರೆಹು ಸರ್ಕಾರಕ್ಕೆ ಮೊದಲ ದೂರಿನ ಪತ್ರ ಬರೆದರು. ಅಲ್ಲಿಂದ ಶುರುವಾದ ಹೋರಾಟ ಮುಗಿದದ್ದು 1998ರಲ್ಲಿ. ಸುಮಾರು ನೂರೈವತ್ತು ವರ್ಷ. ಅಪ್ಪ ಸತ್ತರೆ ಮಗ, ಮಗ ಸತ್ತರೆ ಮೊಮ್ಮಗಳು, ಹೀಗೆ ತಲೆಮಾರಿನಿಂದ ತಲೆಮಾರಿಗೆ ದೂರು ಕೈ ಬದಲಾಯಿಸಿತು. ನಡುವೆ 1944ರಲ್ಲಿ ಸರ್ಕಾರ ಒಂದು ಕಾನೂನು ಮಾಡಿ, ವರ್ಷಕ್ಕೆ 10,000 ಪೌಂಡಿನಂತೆ ಮೂವತ್ತು ವರ್ಷ ಕೊಡುತ್ತೇವೆ, ಇಲ್ಲಿಗೆ ಮುಗೀತು ಅಂದಿತು. ಅವರು ಮುಗೀತು ಅನ್ನಲಿಲ್ಲ. 1986ರಲ್ಲಿ ವೈತಾಂಗಿ ನ್ಯಾಯಮಂಡಳಿಗೆ ಹೋದರು. ದೂರು ಕೊಟ್ಟವರು ಹೆನಾರೆ ರಾಕಿಹಿಯಾ ತಾವು, ಮುಂದೆ ಸರ್ಕಾರದ ಜತೆ ಮಾತುಕತೆಯ ಮುಂದಾಳು ಆದವರು ತಿಪೆನೆ ಓರೀಗನ್. 1991ರಲ್ಲಿ ಮಂಡಳಿಯ ವರದಿ ಬಂತು. 1997ರ ನವೆಂಬರಿನಲ್ಲಿ ಕೈಕೋರಾ ಎಂಬ ಊರಿನ ತಾಕಹಂಗ ಸಮುದಾಯ ಮನೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ಕಾನೂನು ಆಯಿತು. ಆಗಿನ ಪ್ರಧಾನಿ ಜೆನ್ನಿ ಶಿಪ್ಲಿ ಙಾಯ್ ತಾಹು ಜನರ ಹಟ್ಟಿಗೇ ಹೋಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.

ಪರಿಹಾರ 17 ಕೋಟಿ ನ್ಯೂಜಿಲೆಂಡ್ ಡಾಲರ್. ಕಳಕೊಂಡದ್ದಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ, ಅದು ಅವರಿಗೂ ಗೊತ್ತಿತ್ತು. ಆದರೂ ಎಲ್ಲರಿಗೂ ಹಂಚಿಬಿಡೋಣ ಅನ್ನಲಿಲ್ಲ. ನಾವೇ ಲೆಕ್ಕ ಹಾಕೋಣ. ಇವತ್ತು ಅವರ ಪಟ್ಟಿಯಲ್ಲಿ 80 ಸಾವಿರಕ್ಕೂ ಜಾಸ್ತಿ ಮಂದಿ ಇದ್ದಾರೆ. ಹಂಚಿದ್ದರೆ ತಲೆಗೆ ಎರಡು ಸಾವಿರ ಡಾಲರ್ ಬರುತ್ತಿತ್ತು. ಒಂದು ಹಳೆ ಕಾರು ಬರುತ್ತಿತ್ತೋ ಏನೋ. ಹಂಚದೆ ಇಟ್ಟದ್ದರಿಂದ ಇವತ್ತು ಅವರ ನಿವ್ವಳ ಆಸ್ತಿ 150 ಕೋಟಿ ಡಾಲರನ್ನೂ ದಾಟಿದೆ. ಮತ್ತೆ ಈ ನಡುವಿನ ವರ್ಷಗಳಲ್ಲಿ ಅದರ ಗಳಿಕೆಯಿಂದ ಮಕ್ಕಳ ಓದು, ಹಿರಿಯರ ಆರೈಕೆ, ಭಾಷೆ ಕಲಿಸುವುದು, ಊರಿನ ಸಮುದಾಯ ಮನೆಗಳ ಖರ್ಚು ಎಲ್ಲ ನಡೆದಿದೆ.

ಇದು ಹೇಗೆ ಸಾಧ್ಯವಾಯಿತು? ಅವರು ನಮಗಿಂತ ಒಳ್ಳೆಯವರು ಅಂತಲ್ಲ. ವ್ಯವಸ್ಥೆ ಗಟ್ಟಿಯಾಗಿತ್ತು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ನಮಗೆ ಬೇಕಾದ್ದು ಇರುವುದು ಇಲ್ಲೇ.

ಮೊದಲು, ಹಣದ ಒಡೆಯರು ಯಾರು ಅನ್ನುವುದನ್ನು ಗಟ್ಟಿ ಮಾಡಿಕೊಂಡರು. 1848ರಲ್ಲಿ, ಆ ದೊಡ್ಡ ಖರೀದಿ ನಡೆದ ಕಾಲದಲ್ಲಿ ಬದುಕಿದ್ದ ಹಿರಿಯರ ಹೆಸರಿನ ಒಂದು ಪಟ್ಟಿ ಇದೆ. ಆ ಪಟ್ಟಿಯ ಯಾರಾದರೊಬ್ಬರ ವಂಶದವರು ಅಂತ ತೋರಿಸಿದರೆ ನೀವು ಙಾಯ್ ತಾಹು. ತಾಯಿ ಕಡೆಯಿಂದ ಬಂದರೂ ಸರಿ, ತಂದೆ ಕಡೆಯಿಂದ ಬಂದರೂ ಸರಿ. ಊರಲ್ಲಿ ಇರಲಿ, ಆಸ್ಟ್ರೇಲಿಯಾಕ್ಕೆ ದುಡಿಯೋಕೆ ಹೋಗಿರಲಿ. ನಾಳೆ ಹುಟ್ಟುವ ಮಗುವೂ ಹುಟ್ಟಿನಿಂದಲೇ ಹಕ್ಕುದಾರ.

ಆಮೇಲೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಸಂಸ್ಥೆ ಕಟ್ಟಿಕೊಂಡರು. ಈ ಮಾತನ್ನು ದಯವಿಟ್ಟು ಗಮನಿಸಿ. ದುಡ್ಡು ಬಂದದ್ದು 1998ರಲ್ಲಿ. ಅದನ್ನು ಹಿಡಿಯುವ ಸಂಸ್ಥೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1996ರಲ್ಲಿ. ದ್ವೀಪದ ಬೇರೆ ಬೇರೆ ಕಡೆಯ 18 ಊರ-ಪಂಚಾಯ್ತಿಗಳು ಒಬ್ಬೊಬ್ಬ ಪ್ರತಿನಿಧಿಯನ್ನು ಕಳಿಸುತ್ತವೆ, ಅವರೆಲ್ಲ ಸೇರಿದ್ದು ಹಿರಿಯ ಸಭೆ. ಚೆಕ್ ಬಂದ ಮೇಲೆ ಕಮಿಟಿ ಮಾಡೋಣ ಅಂತ ಕೂತಿದ್ದರೆ ಕಮಿಟಿ ಆಗುವ ಮೊದಲೇ ಜಗಳ ಆಗುತ್ತಿತ್ತು.

ಇನ್ನೊಂದು, ಗಳಿಸುವ ಕೈಯನ್ನೂ ಖರ್ಚು ಮಾಡುವ ಕೈಯನ್ನೂ ಬೇರೆ ಬೇರೆ ಮಾಡಿದರು. ವ್ಯಾಪಾರ ನೋಡಿಕೊಳ್ಳೋಕೆ ಒಂದು ಕಂಪನಿ. ಮೀನುಗಾರಿಕೆ, ಹೊಲ, ಕಟ್ಟಡ, ಪ್ರವಾಸೋದ್ಯಮ ಎಲ್ಲ ಅದರ ಕೆಳಗೆ. ಅದರ ನಿರ್ದೇಶಕರ ಕೆಲಸ ಲಾಭ ತರುವುದು ಮಾತ್ರ. ಆ ಲಾಭದಲ್ಲಿ ಒಂದು ಪಾಲು ಹಿರಿಯ ಸಭೆಗೆ ಬರುತ್ತದೆ, ಉಳಿದದ್ದು ಬಂಡವಾಳಕ್ಕೇ ಸೇರುತ್ತದೆ. ಯಾವ ಊರಿಗೆ ಎಷ್ಟು, ಓದಿಗೆ ಎಷ್ಟು ಅಂತ ನಿರ್ಧರಿಸುವುದು ಸಭೆ. ಅಂದರೆ ನನ್ನ ತಮ್ಮನಿಗೆ ಒಂದು ನೌಕರಿ ಕೊಡಿ, ನನ್ನ ಓಣಿಗೆ ಒಂದು ಗುಡಿ ಕಟ್ಟಿಸಿಕೊಡಿ ಅಂತ ವ್ಯಾಪಾರ ನೋಡುವವನ ಮನೆ ಬಾಗಿಲಿಗೆ ಹೋಗೋಕೆ ಬರುವುದಿಲ್ಲ. ನಮ್ಮ ಕಡೆ ಎಷ್ಟು ಸಹಕಾರಿ ಸಂಸ್ಥೆಗಳು ಸೊರಗಿ ಹೋದದ್ದು ಈ ಎರಡು ಕೈ ಒಂದೇ ಆಗಿದ್ದರಿಂದ? ನೀವೇ ಯೋಚನೆ ಮಾಡಿ.

ಹಾಗಾದರೆ ಒಬ್ಬ ಸಾಮಾನ್ಯ ಮನುಷ್ಯನಿಗೆ ಏನು ಸಿಕ್ಕಿತು? ಎಲ್ಲ ಸಂಸ್ಥೆಯಲ್ಲೇ ಇದ್ದರೆ ಬಡವನಿಗೆ ಏನು ಬಂತು? ಅಲ್ಲಿನ ಜನರೂ ಇದನ್ನು ಕೇಳಿದರು. ಅದಕ್ಕೆ 2006ರಲ್ಲಿ ಒಂದು ಉಳಿತಾಯ ಯೋಜನೆ ತಂದರು. ಹೆಸರು ಫೈ ರಾವಾ. ಮಗು ಹುಟ್ಟಿದ ಮೇಲೆ ಅದರ ಹೆಸರಿನಲ್ಲಿ ಖಾತೆ. ಮನೆಯವರು ಸ್ವಲ್ಪ ಹಾಕಿದರೆ ಬುಡಕಟ್ಟಿನ ನಿಧಿಯಿಂದ ಅದಕ್ಕೆ ಒಂದು ಮಿತಿಯವರೆಗೆ ತಮ್ಮ ಪಾಲು ಸೇರಿಸುತ್ತಾರೆ, ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ. ಆ ದುಡ್ಡನ್ನು ಯಾವಾಗೆಂದರೆ ಆವಾಗ ತೆಗೆಯೋಕೆ ಬರುವುದಿಲ್ಲ. ಕಾಲೇಜು ಓದಿಗೆ, ಮೊದಲ ಮನೆ ಕೊಳ್ಳೋಕೆ, ಇಲ್ಲ 55 ದಾಟಿದ ಮೇಲೆ. ಈ ಯೋಜನೆ ನನಗೆ ಬಹಳ ಹಿಡಿಸಿತು. ಹತ್ತು ಡಾಲರ್ ತಾನು ಹಾಕಿದವನಿಗೆ ಆ ನಿಧಿ ತನ್ನದು ಅನಿಸುತ್ತದೆ. ಲೆಕ್ಕ ಕೇಳುವ ಅಭ್ಯಾಸ ಬೀಳುತ್ತದೆ.

ಒಂದು ಸಣ್ಣ ಮಾತು ಇಲ್ಲಿ ಸೇರಿಸುತ್ತೇನೆ, ವಿಷಯದಿಂದ ಸ್ವಲ್ಪ ಆಚೆ ಹೋದರೂ. 2016ರ ನವೆಂಬರಿನಲ್ಲಿ ಕೈಕೋರಾದಲ್ಲಿ ದೊಡ್ಡ ಭೂಕಂಪ ಆಯಿತು. ರಸ್ತೆ, ರೈಲು ಎಲ್ಲ ಬಂದ್. ನೂರಾರು ಪ್ರವಾಸಿಗರು ಊರಲ್ಲೇ ಸಿಕ್ಕಿಬಿದ್ದರು. ಒಪ್ಪಂದಕ್ಕೆ ಸಹಿ ಬಿದ್ದಿತ್ತಲ್ಲ, ಅದೇ ತಾಕಹಂಗ ಮನೆಯ ಜನ ಬಾಗಿಲು ತೆರೆದರು. ಕರೆಂಟ್ ಇರಲಿಲ್ಲ. ಆ ಊರು ದುಬಾರಿ ಸಮುದ್ರ ಸಿಗಡಿಗೆ ಹೆಸರುವಾಸಿ, ನಮ್ಮ ಕೊಲ್ಹಾರ ಮೊಸರಿಗೆ ಹೆಸರಾದ ಹಾಗೆ. ಆ ಸಿಗಡಿಯನ್ನೇ ಬೇಯಿಸಿ ಬಂದವರಿಗೆಲ್ಲ ಹಾಕಿದರು. ಬಿಳಿಯರು, ಚೀನಾದವರು, ಯಾರು ಅಂತ ಕೇಳಲಿಲ್ಲ. ಒಟ್ಟಿಗೆ ಇಟ್ಟ ಆಸ್ತಿಯಿಂದ ಉಳಿದದ್ದು ದುಡ್ಡು ಮಾತ್ರ ಅಲ್ಲ ಅಂತ ನನಗೆ ಅನಿಸಿದ್ದು ಇದನ್ನು ಓದಿದಾಗ. ನೂರು ಮಂದಿಗೆ ಅಡುಗೆ ಮಾಡುವ ಮನೆ ಇತ್ತು, ಮಾಡುವ ಕೈಗಳಿದ್ದವು.

ಎಲ್ಲವೂ ಚಂದವಾಗಿ ನಡೆಯಿತು ಅಂತ ಹೇಳಿದರೆ ಅದು ಅರ್ಧ ಸತ್ಯ. 2020ರಲ್ಲಿ ಕೊರೊನಾ ಬಂದಾಗ ಙಾಯ್ ತಾಹು ಜನರ ಪ್ರವಾಸದ ವ್ಯಾಪಾರ ಪೂರ್ತಿ ನಿಂತು ಬಹಳ ಮಂದಿ ಕೆಲಸ ಕಳಕೊಂಡರು. ಕಾಡು ಕಡಿದು ಹಾಲಿನ ಹೈನುಗಾರಿಕೆಗೆ ಜಮೀನು ಮಾಡಿದ್ದಕ್ಕೆ ಒಳಗಿನವರೇ ಆಕ್ಷೇಪ ಎತ್ತಿದರು. ಮೊಮ್ಮಕ್ಕಳಿಗೆ ದುಡ್ಡು ಉಳಿಸೋಕೆ ಹೋಗಿ ಮೊಮ್ಮಕ್ಕಳ ಹೊಳೆಯನ್ನೇ ಕೆಡಿಸಿದರೆ ಹೇಗೆ ಅನ್ನುವುದು ಅವರ ಪ್ರಶ್ನೆ. ಕಬ್ಬಿಗೆ ನೀರು ಬಿಟ್ಟು ಬಿಟ್ಟು ಎರೆ ಹೊಲವೆಲ್ಲ ಸವಳು-ಜವಳು ಆದದ್ದನ್ನು ಕಂಡ ನಮಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ದ್ವೀಪದ ವೈಕಾತೊ-ತೈನುಯಿ ಬುಡಕಟ್ಟಿಗೂ 1995ರಲ್ಲಿ ಅಷ್ಟೇ, 17 ಕೋಟಿ ಡಾಲರ್ ಬಂತು. ಅವರು ಮೊದಲ ಕೆಲವು ವರ್ಷಗಳಲ್ಲಿ ಒಂದು ರಗ್ಬಿ ತಂಡವನ್ನೂ ಕೊಂಡು ಭಾರಿ ನಷ್ಟ ಮಾಡಿಕೊಂಡರು. ಆಮೇಲೆ ಆಡಳಿತ ಬದಲಿಸಿ ಸುಧಾರಿಸಿಕೊಂಡರು. ಸುಧಾರಿಸಿಕೊಳ್ಳೋಕೆ ಆಯಿತು ಯಾಕಂದರೆ ಗಂಟು ಇನ್ನೂ ಒಟ್ಟಿಗೇ ಇತ್ತು.

ಈ ಎರಡೂ ಬುಡಕಟ್ಟುಗಳ ಒಪ್ಪಂದದಲ್ಲಿ ಜಾಣತನದ ಒಂದು ಕಲಮು ಇದೆ. ಇವರು ಮೊದಲಿಗೇ ಒಪ್ಪಿಕೊಂಡರಲ್ಲ, ಮುಂದೆ ಬೇರೆ ಬುಡಕಟ್ಟುಗಳಿಗೆ ಸರ್ಕಾರ ಜಾಸ್ತಿ ಕೊಟ್ಟರೆ? ಎಲ್ಲ ಬುಡಕಟ್ಟುಗಳ ಪರಿಹಾರದ ಒಟ್ಟು ಮೊತ್ತ, 1994ರ ಬೆಲೆಯಲ್ಲಿ, 100 ಕೋಟಿ ಡಾಲರ್ ದಾಟಿದರೆ, ದಾಟಿದ್ದರಲ್ಲಿ ಒಬ್ಬರಿಗೆ ನೂರಕ್ಕೆ 17, ಇನ್ನೊಬ್ಬರಿಗೆ ನೂರಕ್ಕೆ 16.1 ಪಾಲು ಕೊಡಬೇಕು. 2012ರ ಹೊತ್ತಿಗೆ ಮೊತ್ತ ದಾಟಿತು, ಹಣ ಬಂತು. ಮೊದಲು ಒಪ್ಪಿದವರಿಗೆ ಕಡಿಮೆ, ಕೋರ್ಟಿಗೆ ಹೋಗಿ ಕಾದವರಿಗೆ ಜಾಸ್ತಿ ಅನ್ನುವ ಸಂಕಟ ನಮ್ಮ ಮುಳುಗಡೆ ಊರುಗಳಲ್ಲಿ ಎಷ್ಟು ಮನೆ ಒಡೆದಿಲ್ಲ? ಮುಂದಿನ ಮಾತುಕತೆಗೆ ಹೋಗುವ ನಮ್ಮ ಮುಖಂಡರು ಈ ಕಲಮನ್ನು ಒಮ್ಮೆ ಓದಿಕೊಂಡು ಹೋಗಲಿ ಅನ್ನುವುದು ನನ್ನ ಕಳಕಳಿ.

ಈಗ ಹಂಚಿಕೊಂಡವರ ಕಥೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮೆನಾಮಿನಿ ಎಂಬ ಮೂಲನಿವಾಸಿಗಳಿದ್ದಾರೆ. ಅವರದು ಎರಡು ಲಕ್ಷ ಎಕರೆ ದಾಟಿದ ಕಾಡು, ಇಡೀ ಸಮುದಾಯದ ಹೆಸರಿನಲ್ಲಿ. ಕಡಿಯುವುದಕ್ಕೆ ಲೆಕ್ಕ ಇಟ್ಟು ಕಡಿಯುತ್ತಾರೆ. 1854ರಿಂದ ಇವತ್ತಿನ ತನಕ ಕಡಿದದ್ದು ಬೆಟ್ಟದಷ್ಟು, ಆದರೂ ಆಗ ಇದ್ದುದಕ್ಕಿಂತ ಜಾಸ್ತಿ ಮರ ಈಗಲೂ ನಿಂತಿದೆ. ಆ ಕಾಡನ್ನು ಸರ್ಕಾರ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಕೇಸು ಹಾಕಿ 1951ರಲ್ಲಿ 85 ಲಕ್ಷ ಡಾಲರ್ ಗೆದ್ದರು. ಇದರಲ್ಲಿ ತಲೆಗೆ 1,500 ಡಾಲರ್ ಹಂಚಬೇಕು ಅಂತ ಜನ ಕೇಳಿದರು. ಸಂಸತ್ತಿನಲ್ಲಿ ಆರ್ಥರ್ ವಾಟ್ಕಿನ್ಸ್ ಎಂಬ ಸೆನೆಟರು ಒಂದು ಷರತ್ತು ಹಾಕಿದರು. ನಿಮ್ಮ ಬುಡಕಟ್ಟಿನ ಮಾನ್ಯತೆ ರದ್ದಾಗೋದಕ್ಕೆ ಒಪ್ಪಿದರೆ ದುಡ್ಡು.

ಬಡವರಿಗೆ 1,500 ಡಾಲರ್ ಅಂದರೆ ಏನು ಅಂತ ನಿಮಗೆ ಗೊತ್ತು. ಕಾನೂನು 1954ರಲ್ಲಿ ಆಯಿತು, 1961ರಲ್ಲಿ ಜಾರಿಗೆ ಬಂತು. ಹಂಚಿದ ದುಡ್ಡು ಮುಗಿಯಿತು. ಸಮುದಾಯದ ಖಜಾನೆಯಲ್ಲಿ ಉಳಿದಿದ್ದೂ ಕರಗಿತು. ಆಸ್ಪತ್ರೆ ಮುಚ್ಚಿತು. ರಾಜ್ಯದ ಅತಿ ಬಡ ಜಿಲ್ಲೆ ಅದೇ ಆಯಿತು. ತೆರಿಗೆ ಕಟ್ಟೋಕೆ ಕೆರೆ ದಂಡೆಯ ಜಾಗವನ್ನು ಹೊರಗಿನವರಿಗೆ ನಿವೇಶನ ಮಾಡಿ ಮಾರುವ ಗತಿ ಬಂತು. ಅದನ್ನು ತಡೆಯೋಕೆ ಎದ್ದವರಲ್ಲಿ ಮುಂದೆ ನಿಂತವರು ಆಡಾ ಡಿಯರ್ ಎಂಬ ಹೆಣ್ಣುಮಗಳು. ಅವರು ಹಳ್ಳಿ ಹಳ್ಳಿ ತಿರುಗಿ, ವಾಷಿಂಗ್ಟನ್ನಿಗೆ ಹೋಗಿ ಕೂತು, 1973ರ ಡಿಸೆಂಬರಿನಲ್ಲಿ ಮಾನ್ಯತೆಯನ್ನು ವಾಪಸ್ ತಂದರು. ಕಾಡು ಉಳಿಯಿತು. ತಲೆಗೆ 1,500 ಡಾಲರಿಗೆ ಒಂದು ಸಮುದಾಯ ಕೊಟ್ಟ ಬೆಲೆ ಇದು. ಬಿತ್ತನೆ ಬೀಜವನ್ನು ಬೇಯಿಸಿ ಉಂಡ ಹಾಗೆ ಆಯಿತು, ಆದರೆ ಉಂಡವರ ಹಸಿವನ್ನು ನಾವು ಮರೆಯಬಾರದು.

ಅಲಾಸ್ಕದ್ದು ಬೇರೆ ಥರ. 1971ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೆ 4 ಕೋಟಿ 40 ಲಕ್ಷ ಎಕರೆ ನೆಲ, 96 ಕೋಟಿ 25 ಲಕ್ಷ ಡಾಲರ್ ಕೊಟ್ಟು, ಅದನ್ನೆಲ್ಲ ಹನ್ನೆರಡು ಪ್ರಾದೇಶಿಕ ಕಂಪನಿಗಳಿಗೂ ಊರಿನ ಕಂಪನಿಗಳಿಗೂ ವಹಿಸಿದರು. ಒಂದು ಒಳ್ಳೆಯ ನಿಯಮ ಇತ್ತು. ಒಂದು ಪ್ರದೇಶದ ನೆಲದಲ್ಲಿ ಎಣ್ಣೆಯೋ ಅದಿರೋ ಸಿಕ್ಕರೆ, ಬಂದ ಆದಾಯದಲ್ಲಿ ನೂರಕ್ಕೆ 70 ಭಾಗವನ್ನು ಹನ್ನೆರಡೂ ಕಂಪನಿಗಳು ಹಂಚಿಕೊಳ್ಳಬೇಕು. ಏನೂ ಸಿಗದ ಪ್ರದೇಶದವರೂ ಉಳಿಯಲಿ ಅಂತ. ಆದರೆ ಒಂದು ಕೆಟ್ಟ ನಿಯಮವೂ ಇತ್ತು. ಷೇರು ಸಿಕ್ಕಿದ್ದು 1971ರ ಡಿಸೆಂಬರ್ 18ರಂದು ಬದುಕಿದ್ದವರಿಗೆ ಮಾತ್ರ. ಡಿಸೆಂಬರ್ 19ಕ್ಕೆ ಹುಟ್ಟಿದ ಮಗುವಿಗೆ ಇಲ್ಲ. ಒಂದೇ ಮನೆಯಲ್ಲಿ ಅಕ್ಕ ಹಕ್ಕುದಾರಳು, ತಮ್ಮ ಅಲ್ಲ. 1987ರಲ್ಲಿ ಕಾನೂನು ತಿದ್ದಿ, ಬೇಕಾದರೆ ಆಮೇಲೆ ಹುಟ್ಟಿದವರಿಗೂ ಷೇರು ಕೊಡಬಹುದು ಅಂದರು. ಕೆಲವು ಕಂಪನಿಗಳು ಮತ ಹಾಕಿ ಕೊಟ್ಟವು, ಎಲ್ಲವೂ ಕೊಡಲಿಲ್ಲ. ಯಾಕಂದರೆ ಹೊಸಬರನ್ನು ಸೇರಿಸಿದರೆ ಇದ್ದವರ ಪಾಲು ಕಡಿಮೆಯಾಗುತ್ತದೆ. ಮುಂದಿನವರ ಹಕ್ಕನ್ನು ಈಗಿನವರ ಮತಕ್ಕೆ ಬಿಟ್ಟರೆ ಹೀಗೇ ಆಗುವುದು. ಅದನ್ನು ಮೊದಲ ದಿನವೇ ನಿಯಮದಲ್ಲಿ ಬರೆಯಬೇಕು.

ಸರ್ಕಾರವೇ ನಮ್ಮ ಹಣ ಇಟ್ಟುಕೊಂಡು ವರ್ಷ ವರ್ಷ ಕೊಡಲಿ ಅಂತ ಕೆಲವರು ಹೇಳುತ್ತೀರಿ. ಅದಕ್ಕೆ ಎಲೊವೀಸ್ ಕೊಬೆಲ್ ಅವರ ಹೆಸರನ್ನು ಹೇಳಬೇಕು. ಅಮೆರಿಕದ ಬ್ಲ್ಯಾಕ್‌ಫೀಟ್ ಬುಡಕಟ್ಟಿನವರು, ತಮ್ಮ ಜನರ ಖಜಾನೆಯ ಲೆಕ್ಕ ನೋಡುತ್ತಿದ್ದವರು. ಮೂಲನಿವಾಸಿಗಳ ಜಮೀನಿನ ಗುತ್ತಿಗೆ ಹಣವನ್ನೆಲ್ಲ ಸರ್ಕಾರವೇ ವಸೂಲು ಮಾಡಿ ಇಟ್ಟುಕೊಳ್ಳುತ್ತಿತ್ತು, 1887ರ ಒಂದು ಕಾನೂನಿನ ಕಾಲದಿಂದ. ನಮ್ಮ ಲೆಕ್ಕ ಕೊಡಿ ಅಂತ ಅವರು 1996ರಲ್ಲಿ ಕೋರ್ಟಿಗೆ ಹೋದರು. ಸರ್ಕಾರಕ್ಕೆ ಲೆಕ್ಕ ಕೊಡೋಕೆ ಆಗಲಿಲ್ಲ. ಕಾಗದವೇ ಇರಲಿಲ್ಲ. ಕೊನೆಗೆ 2009ರಲ್ಲಿ 340 ಕೋಟಿ ಡಾಲರಿಗೆ ರಾಜಿ ಆಯಿತು. ಕೊಬೆಲ್ 2011ರಲ್ಲಿ ತೀರಿಕೊಂಡರು. ನನ್ನ ಅಭಿಪ್ರಾಯ ಸ್ಪಷ್ಟ. ಹಣ ಸರ್ಕಾರದ ಹತ್ತಿರ ಇರಲಿ, ಕಮಿಟಿಯ ಹತ್ತಿರ ಇರಲಿ, ವರ್ಷಕ್ಕೊಮ್ಮೆ ಲೆಕ್ಕವನ್ನು ಊರ ಮುಂದೆ ಓದದಿದ್ದರೆ ಅದು ನಿಮ್ಮ ಹಣ ಅಲ್ಲ.

ಇವೆಲ್ಲ ಪರದೇಶದ ಮಾತು, ಇಲ್ಲಿ ನಡೆಯೋದಿಲ್ಲ ಅಂತ ಹಿಂದಿನ ಸಾಲಿನ ಕಾಕಾ ತಲೆ ಅಲ್ಲಾಡಿಸುತ್ತಿದ್ದಾರೆ. ಸರಿ, ಪಕ್ಕದ ಮಹಾರಾಷ್ಟ್ರಕ್ಕೆ ಬನ್ನಿ. ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ. ಗೊಂಡ ಜನರ ಸಣ್ಣ ಹಳ್ಳಿ. ಅರಣ್ಯ ಹಕ್ಕು ಕಾನೂನಿನಡಿ ಇಡೀ ಊರಿಗೆ ಸಾಮೂಹಿಕ ಹಕ್ಕುಪತ್ರ ಸಿಕ್ಕಿದ್ದು 2009ರಲ್ಲಿ. 2011ರಿಂದ ತಮ್ಮ ಕಾಡಿನ ಬಿದಿರನ್ನು ತಾವೇ ಮಾರಿದರು. ದಿಲ್ಲಿ ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ ಅನ್ನುವುದು ಅವರ ಘೋಷಣೆ. ಅಲ್ಲಿ ಬಹುಮತದ ಮೇಲೆ ತೀರ್ಮಾನ ಆಗುವುದಿಲ್ಲ. ಎಲ್ಲರೂ ಒಪ್ಪಬೇಕು. ಒಬ್ಬ ಒಪ್ಪದಿದ್ದರೆ ಮತ್ತೆ ಕೂರಬೇಕು. ನಿಧಾನ ಆಗುತ್ತದೆ, ಹೌದು. ಆದರೆ ತೀರ್ಮಾನ ಆದ ಮೇಲೆ ಕೋರ್ಟಿಗೆ ಹೋಗುವವರು ಇರುವುದಿಲ್ಲ.

ಇನ್ನೂ ಹತ್ತಿರ ಬೇಕೇ? ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಸಿರಸಂಗಿ. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗಾಗಿ ಬಿಟ್ಟು ಹೋದರು. ಅದು ಟ್ರಸ್ಟ್ ಆಯಿತು. ಅದರ ವಿದ್ಯಾರ್ಥಿವೇತನದಿಂದ ಓದಿದವರು ನಮ್ಮ ಕಡೆಯ ಜಿಲ್ಲೆಗಳಲ್ಲೂ ಸಿಗುತ್ತಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರ ಹೆಸರೇ ಇದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದರು. ಒಟ್ಟಿಗೆ ಇಡುವುದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ.

ಈಗ ನಮ್ಮ ಲೆಕ್ಕ. ಯಾರ ಚೆಕ್ಕನ್ನೂ ಕಸಿದುಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ಎಕರೆಗೆ 30 ಇಲ್ಲ 40 ಲಕ್ಷ ಬಂದವರು ಎಕರೆಗೆ ಒಂದು ಲಕ್ಷ ಊರ ನಿಧಿಗೆ ಬಿಡಲಿ. ಒಂದು ಊರಿನ ಸಾವಿರ ಎಕರೆ ಮುಳುಗುತ್ತದೆ ಅಂದುಕೊಳ್ಳಿ. 10 ಕೋಟಿ ಆಯಿತು. ನೂರಕ್ಕೆ 7 ಬಡ್ಡಿ ಬಂದರೆ ವರ್ಷಕ್ಕೆ 70 ಲಕ್ಷ. ಅಷ್ಟನ್ನೂ ಖರ್ಚು ಮಾಡಿದರೆ ಇಪ್ಪತ್ತು ವರ್ಷದ ಮೇಲೆ ಆ 10 ಕೋಟಿಗೆ ಬೆಲೆ ಇರುವುದಿಲ್ಲ, ಯಾಕಂದರೆ ಎಲ್ಲದರ ಬೆಲೆ ಏರಿರುತ್ತದೆ. ಅದಕ್ಕೆ 40 ಲಕ್ಷವನ್ನು ಅಸಲಿಗೇ ಸೇರಿಸಿ. ಖರ್ಚಿಗೆ 30 ಲಕ್ಷ. ಒಂದು ಊರಿಗೆ ವರ್ಷಕ್ಕೆ 30 ಲಕ್ಷ ಅಂದರೆ ಎಷ್ಟು ಮಕ್ಕಳ ಡಿಪ್ಲೊಮಾ, ನರ್ಸಿಂಗ್, ಹಾಸ್ಟೆಲ್ ಫೀ ಆಗುತ್ತದೆ ನೀವೇ ಹೇಳಿ. ಅದೂ ಪ್ರತಿ ವರ್ಷ, ಪ್ರತಿ ವರ್ಷ ಸ್ವಲ್ಪ ಜಾಸ್ತಿ.

ಇನ್ನೊಂದು ಲಾಭ ಇದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಉತಾರದಲ್ಲಿ ಹೆಸರೇ ಇಲ್ಲದವರು ನಮ್ಮೂರುಗಳಲ್ಲಿ ಎಷ್ಟು ಮಂದಿ ಇಲ್ಲ? ಕೂಲಿ ಮಾಡಿದವರು, ಪಾಲಿಗೆ ಬೇಸಾಯ ಮಾಡಿದವರು, ಕುಂಬಾರರು, ಕುರಿ ಕಾದವರು. ಊರು ಮುಳುಗಿದರೆ ಅವರ ಬದುಕೂ ಮುಳುಗುತ್ತದೆ. 2013ರ ಭೂಸ್ವಾಧೀನ ಕಾನೂನು ಅವರನ್ನೂ ಬಾಧಿತ ಕುಟುಂಬ ಅನ್ನುತ್ತದೆ. ನೌಕರಿ, ಇಲ್ಲ ಒಂದೇ ಸಲಕ್ಕೆ 5 ಲಕ್ಷ, ಇಲ್ಲ ತಿಂಗಳಿಗೆ ಕನಿಷ್ಠ 2,000ದಂತೆ ಇಪ್ಪತ್ತು ವರ್ಷ, ಹೀಗೆ ಆಯ್ಕೆ ಇಟ್ಟಿದೆ. ಎಲ್ಲ ಸೇರಿಯೂ ಅದು ಒಂದು ಎಕರೆಯ ಬೆಲೆಗೆ ಬಹಳ ಕಡಿಮೆ. ಊರ ನಿಧಿ ಅಂತ ಒಂದಿದ್ದರೆ ಆ ಮನೆಯ ಮಗುವಿಗೂ ಗೌಡರ ಮನೆಯ ಮಗುವಿಗೂ ಅದರಲ್ಲಿ ಸಮ ಹಕ್ಕು ಇರಬೇಕು. ಇದಕ್ಕೆ ಒಪ್ಪದವರು ನಿಧಿಗೆ ಊರಿನ ಹೆಸರು ಇಡಬೇಡಿ.

ಹಣ ಎಲ್ಲಿ ಇಡಬೇಕು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಒಂದೇ ಕಡೆ ಇಡಬೇಡಿ. ನೂರಕ್ಕೆ ಎರಡು ಬಡ್ಡಿ ಜಾಸ್ತಿ ಕೊಡುತ್ತಾರೆ ಅಂತ ಪತ್ತಿನ ಸೊಸೈಟಿಗೆ ಹಾಕಬೇಡಿ. ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸೊಸೈಟಿಗೆ ಅದೂ ಇಲ್ಲ. ಇಷ್ಟು ದೊಡ್ಡ ಮೊತ್ತಕ್ಕೆ ಸರ್ಕಾರಿ ಸಾಲಪತ್ರಗಳು ಒಳ್ಳೆಯವು. ಅಸಲಿನ ಮೇಲೆ ಸಾಲ ಎತ್ತಬಾರದು, ಪಂಚ ಕಮಿಟಿಯವರ ಮನೆಯವರಿಗೆ ಸಾಲ ಕೊಡಬಾರದು, ಜಾತ್ರೆಗೂ ಚುನಾವಣೆಗೂ ಒಂದು ರೂಪಾಯಿ ಹೋಗಬಾರದು. ಇವನ್ನು ಟ್ರಸ್ಟ್ ಪತ್ರದಲ್ಲೇ ಬರೆಸಿ ನೋಂದಣಿ ಮಾಡಿಸಿ, ಚೆಕ್ ಬರುವ ಮೊದಲೇ.

ಒಬ್ಬ ತಂಗಿ ಚೀಟಿಯಲ್ಲಿ ಬರೆದು ಕಳಿಸಿದ್ದಾಳೆ: ಮದುವೆಯಾಗಿ ಬೇರೆ ಊರಿಗೆ ಹೋದವರ ಹೆಸರು ನಿಮ್ಮ ಪಟ್ಟಿಯಲ್ಲಿ ಇರುತ್ತದಾ? ಇರಬೇಕಮ್ಮಾ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮ ಹಕ್ಕು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಆದರೂ ಪರಿಹಾರದ ಹೊತ್ತಿಗೆ ಅಕ್ಕ-ತಂಗಿಯರ ಕೈಯಿಂದ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುವುದನ್ನು ನಾವೆಲ್ಲ ನೋಡಿದ್ದೇವೆ. ಙಾಯ್ ತಾಹು ಪಟ್ಟಿಯಲ್ಲಿ ತಾಯಿಯ ಕಡೆಯಿಂದ ಬಂದ ಹಕ್ಕುದಾರರೂ ಇದ್ದಾರೆ ಅಂತ ಆಗಲೇ ಹೇಳಿದೆನಲ್ಲ. ನಮ್ಮಲ್ಲೂ ಹಾಗೇ ಬರೆಯೋಣ. ಊರಿನ ಮುಳುಗಡೆ ಗಡಿ ಗುರುತಾದ ದಿನ ಆ ಊರಿನವರಾಗಿದ್ದವರು ಯಾರು ಯಾರು, ಅವರ ಮಕ್ಕಳು ಎಲ್ಲೆಲ್ಲಿ ಇದ್ದಾರೆ, ಗೋವಾಕ್ಕೆ, ಪುಣೆಗೆ, ಮಂಗಳೂರಿಗೆ ದುಡಿಯೋಕೆ ಹೋದವರು ಎಷ್ಟು ಮಂದಿ, ಕೊಟ್ಟ ಮನೆಗೆ ಹೋದವರು ಎಷ್ಟು ಮಂದಿ. ಈ ಪಟ್ಟಿಗೆ ಸರ್ಕಾರದ ಆದೇಶ ಬೇಕಾಗಿಲ್ಲ, ಒಂದು ದಪ್ಪ ವಹಿ ಸಾಕು. ಹಿರಿಯರು ಇರುವಾಗಲೇ ಕೇಳಿ ಬರೆಯಬೇಕು. ಕಾಲೇಜಿಗೆ ರಜೆ ಇರುವ ಹುಡುಗ ಹುಡುಗಿಯರು ಓಣಿಗೆ ಇಬ್ಬರಂತೆ ಹೊರಡಿ, ಪ್ರತಿ ಮನೆಯಲ್ಲೂ ಮೊದಲು ಹೆಣ್ಣುಮಕ್ಕಳ ಹೆಸರು ಕೇಳಿ.